ನಾಲ್ಕು ಅನ್ನೋದು ಆಫರ್ ಅಲ್ಲ, ಲಿಮಿಟ್

1/6
ಹೋದ ತಿಂಗಳು ಕ್ಯಾಂಟೀನಲ್ಲಿ ನಮ್ಮ ಗ್ಯಾಂಗ್‌ನ ಮುಸ್ಲಿಂ ಫ್ರೆಂಡ್ ಒಬ್ಬನಿಗೆ ಯಾರೋ ಅಂದ್ರು, "ನಿಂಗೇನ್ ಬಿಡಪ್ಪ, ನಾಲ್ಕು ಚಾನ್ಸ್!" ಎಲ್ರೂ ನಕ್ರು. ನಾನೂ ನಕ್ಕೆ. ಕುಣಿಗಲ್ ಬಸ್ಸಲ್ಲಿ ಬರೋ ಕ್ಲಾಸ್‌ಮೇಟ್ ಒಬ್ಬಳು ಮಾತ್ರ ನಗಲಿಲ್ಲ. ಆಮೇಲೆ ಹೇಳಿದ್ಲು: "ನಮ್ಮ ಅತ್ತೆ ಹನ್ನೊಂದು ವರ್ಷದಿಂದ ಗುಬ್ಬೀಲಿ ತವರುಮನೇಲೇ ಇದಾರೆ. ಮಾವ ಇನ್ನೊಂದು ಮದುವೆ ಆದ್ರು. ಇವರಿಗೆ ತಲಾಖೂ ಇಲ್ಲ, ಸಂಸಾರಾನೂ ಇಲ್ಲ." ನಾಚಿಕೆ ಆಯ್ತು. ಕೂತು ಓದಿದೆ. ಅವಳನ್ನ ಕೇಳಿಯೇ ಇದನ್ನ ಬರೀತಿದೀನಿ.

2/6
ಮೊದಲು ಇತಿಹಾಸ. ಆಗಿನ ಅರೇಬಿಯಾದಲ್ಲಿ ಗಂಡಸು ಎಷ್ಟು ಮದುವೆ ಬೇಕಾದ್ರೂ ಆಗಬಹುದಿತ್ತು, ಲೆಕ್ಕವೇ ಇರಲಿಲ್ಲ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಸುಮಾರು 70 ಮುಸ್ಲಿಮರು ಸತ್ತರು. ವಿಧವೆಯರು, ಅನಾಥ ಮಕ್ಕಳು ಉಳಿದರು. ಕುರಾನಿನ 4ನೇ ಅಧ್ಯಾಯದ 3ನೇ ವಚನವನ್ನು ವ್ಯಾಖ್ಯಾನಕಾರರು ಈ ಹಿನ್ನೆಲೆಯಲ್ಲೇ ಓದುತ್ತಾರೆ. ಅದು ಶುರುವಾಗೋದೇ ಅನಾಥರಿಗೆ ನ್ಯಾಯ ಮಾಡೋ ಮಾತಿಂದ. ನಾಲ್ಕರವರೆಗೆ ಅಂತ ಗೆರೆ ಎಳೆದು, ಸಮನಾಗಿ ನೋಡಿಕೊಳ್ಳೋಕಾಗಲ್ಲ ಅನ್ನೋ ಭಯ ಇದ್ರೆ ಒಬ್ಬಳೇ ಸಾಕು ಅನ್ನುತ್ತೆ. ಅದೇ ಅಧ್ಯಾಯದ 129ನೇ ವಚನ ಇನ್ನೂ ಮುಂದೆ ಹೋಗುತ್ತೆ: ಎಷ್ಟೇ ಆಸೆಪಟ್ಟರೂ ಪೂರ್ತಿ ಸಮಾನತೆ ನಿಮ್ಮ ಕೈಲಾಗಲ್ಲ, ಆದರೆ ಒಬ್ಬಳನ್ನ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನೋ ಹಾಗೆ ನೇತಾಡಿಸಬೇಡಿ ಅನ್ನೋದು ಅದರ ಸಾರ. ಇದನ್ನ ಓದಿದಾಗ ನನಗೆ ಆ ಅತ್ತೆಯೇ ನೆನಪಾದ್ರು.

3/6
ಶಾಸ್ತ್ರಜ್ಞರು ಈ "ಸಮಾನ" ಅನ್ನೋದನ್ನ ಲೆಕ್ಕಕ್ಕೆ ಇಳಿಸಿದ್ರು. ಊಟ, ಬಟ್ಟೆ, ಮನೆ, ಜೊತೆಗಿರೋ ರಾತ್ರಿಗಳು, ಎಲ್ಲದರಲ್ಲೂ ನ್ಯಾಯ. ಪ್ರತಿಯೊಬ್ಬಳಿಗೂ ಬೇರೆ ಮೆಹರ್. ಅಕ್ಕ ತಂಗಿ ಇಬ್ಬರನ್ನೂ ಒಟ್ಟಿಗೆ ಮದುವೆ ಆಗೋ ಹಾಗಿಲ್ಲ.
ಬಿಕಾಂನವರೇ, ಬಿಸಿನೆಸ್ ಲಾ ನೆನಪಿದೆಯಾ? ನಿಕಾಹ್ ಒಂದು ಒಪ್ಪಂದ. ಆಫರ್ ಇದೆ, ಅಕ್ಸೆಪ್ಟೆನ್ಸ್ ಇದೆ, ಸಾಕ್ಷಿಗಳಿದಾರೆ. ಒಪ್ಪಂದ ಅಂದ್ಮೇಲೆ ಷರತ್ತೂ ಹಾಕಬಹುದು! "ಗಂಡ ಎರಡನೇ ಮದುವೆ ಆದ್ರೆ ತಲಾಖ್ ತಗೊಳ್ಳೋ ಹಕ್ಕು ಹೆಂಡತಿಗೆ" ಅಂತ ನಿಕಾಹ್‌ನಾಮಾದಲ್ಲೇ ಬರೆಸಬಹುದು. ಇದಕ್ಕೆ ತಲಾಖ್-ಎ-ತಫ್ವೀಜ್ ಅಂತಾರೆ. ನಮ್ಮ ಟೇಬಲ್‌ನಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

4/6
ಈಗ ಕಾನೂನು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಪ್ರಕಾರ, ಒಬ್ಬಳಿಗಿಂತ ಹೆಚ್ಚು ಹೆಂಡತಿಯರಿರೋ ಗಂಡ ಕುರಾನ್ ಹೇಳಿದ ಹಾಗೆ ಸಮನಾಗಿ ನೋಡಿಕೊಳ್ಳದಿದ್ರೆ ಅದು ಕ್ರೌರ್ಯ, ಹೆಂಡತಿ ಕೋರ್ಟಲ್ಲಿ ಬಿಡುಗಡೆ ಕೇಳಬಹುದು. ಎರಡು ವರ್ಷ ಜೀವನಾಂಶ ಕೊಡದಿದ್ರೂ ಕೇಳಬಹುದು. 1960ರಲ್ಲಿ ಅಲಹಾಬಾದ್ ಹೈಕೋರ್ಟ್, ಇನ್ನೊಂದು ಮದುವೆ ಆಗಿ "ಮೊದಲ ಹೆಂಡತಿ ವಾಪಸ್ ಬರಲಿ" ಅಂತ ಕೇಳಿದ ಗಂಡನಿಗೆ ಇಲ್ಲ ಅಂದಿತ್ತು.
ನಮ್ಮ ರಾಜ್ಯದ್ದೇ ಕೇಸ್ ಬೇಕಾ? ವಿಜಯಪುರದ ದಂಪತಿ, 2014ರಲ್ಲಿ ಮದುವೆ. ಗಂಡ ಎರಡನೇ ಮದುವೆ ಆದ. ಹೆಂಡತಿಗೆ ಕೆಳಗಿನ ಕೋರ್ಟಲ್ಲಿ ಬಿಡುಗಡೆ ಸಿಕ್ತು. ಗಂಡ ಅಪೀಲ್ ಹೋದ: ಅಪ್ಪ ಅಮ್ಮನ ಒತ್ತಡ ಇತ್ತು, ಷರೀಯತ್‌ನಲ್ಲಿ ಅವಕಾಶ ಇದೆ ಅಂದ. 2020ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠದ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಪಿ. ಕೃಷ್ಣ ಭಟ್ ಅಪೀಲ್ ವಜಾ ಮಾಡಿದ್ರು. ಎರಡನೇ ಮದುವೆ ಕಾನೂನುಬದ್ಧ ಇರಬಹುದು, ಆದರೆ ಮೊದಲ ಹೆಂಡತಿಗೆ ಅದು ದೊಡ್ಡ ಕ್ರೌರ್ಯವೇ ಆಗಬಹುದು ಅಂದ್ರು. ಅಂದ್ರೆ ಅವನಿಗೆ ಅವಕಾಶ ಇದೆ ಅಂದ ಮಾತ್ರಕ್ಕೆ ಅವಳು ಸಹಿಸಿಕೊಂಡು ಇರಲೇಬೇಕು ಅಂತಿಲ್ಲ.

5/6
"ಹಿಂದೂಗಳಲ್ಲಿ ಇದೆಲ್ಲ ಇಲ್ಲ" ಅಂತ ಕಾಮೆಂಟ್ ಹಾಕೋ ಮೊದಲು: ದೇಶಕ್ಕೆಲ್ಲ ಒಂದೇ ರೀತಿ ಅದು ನಿಂತಿದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಹಿರಿ ಹೆಂಡ್ತಿ, ಕಿರಿ ಹೆಂಡ್ತಿ ಅನ್ನೋ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಸುಮ್ನೆ ಬಂತಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಬೇರೆ ಹೆಂಡತಿ ಇದಾಳೆ ಅಂದ ಮಹಿಳೆಯರು ಮುಸ್ಲಿಮರಲ್ಲಿ ಶೇ. 1.9, ಹಿಂದೂಗಳಲ್ಲಿ ಶೇ. 1.3. ಬೇರೆ ಕಡೆ ನೋಡಿದ್ರೆ, ಟುನೀಷಿಯಾ 1956ರಲ್ಲೇ ಬಹುಪತ್ನಿತ್ವ ನಿಷೇಧಿಸಿತು. ಪಾಕಿಸ್ತಾನ 1961ರಲ್ಲಿ ಮಂಡಳಿಯ ಅನುಮತಿ ಕಡ್ಡಾಯ ಮಾಡಿತು. ಇನ್ನು ಎಫ್‌ಡಿಎ, ಪಿಡಿಒಗೆ ಓದ್ತಿರೋರಿಗೆ ಒಂದು ವಿಷಯ: ಸರ್ಕಾರಿ ನೌಕರ ಯಾವ ಧರ್ಮದವನಾದ್ರೂ, ಹೆಂಡತಿ ಇರುವಾಗ ಸರ್ಕಾರದ ಅನುಮತಿ ಇಲ್ಲದೆ ಇನ್ನೊಂದು ಮದುವೆ ಆಗೋ ಹಾಗಿಲ್ಲ. ಅದು ನಡತೆ ನಿಯಮ.

6/6
ಇದನ್ನೆಲ್ಲ ಅವಳಿಗೆ ತೋರಿಸಿದೆ. ಎರಡು ಸಲ ಓದಿ, "ಅತ್ತೆಗೆ ಕೋರ್ಟ್ ಅಂದ್ರೆ ಭಯ, ದುಡ್ಡೂ ಇಲ್ಲ" ಅಂದ್ಲು. ಅದಕ್ಕೂ ದಾರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಗೆ ವಕೀಲರ ನೆರವು ಉಚಿತ. ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರ ಇದೆ, ನಮ್ಮ ತುಮಕೂರಲ್ಲೂ ಇದೆ. ಹೋಗೋದು ಬಿಡೋದು ಅವರ ಇಷ್ಟ. ಆದ್ರೆ ಬಾಗಿಲು ಇದೆ ಅನ್ನೋದಾದ್ರೂ ಗೊತ್ತಿರಬೇಕಲ್ವಾ?

ನಿಮ್ಮ ಮನೆ ಹತ್ತಿರ ಯಾರಿಗಾದ್ರೂ ಬೇಕಾಗಬಹುದು, ಸೇವ್ ಮಾಡಿಟ್ಕೊಳ್ಳಿ. ಮತ್ತೆ ಆ ನಾಲ್ಕರ ಜೋಕ್ ಯಾರಾದ್ರೂ ಹೇಳಿದ್ರೆ ನಗಬೇಡಿ. ನಾನಂತೂ ಇನ್ನು ನಗಲ್ಲ.

#ತುಮಕೂರು #ಗುಬ್ಬಿ #ಕುಣಿಗಲ್ #ಇತಿಹಾಸ #ಗೊತ್ತಿರಲಿ