ಮರಳುಗಾಡು ಗೆದ್ದ ಒಂದೇ ಸಿಲಿಂಡರ್

1977ರಲ್ಲಿ ಅಬಿಜಾನ್‌ನಿಂದ ನೀಸ್‌ಗೆ ನಡೆದ ರ್‍ಯಾಲಿಯಲ್ಲಿ ಫ್ರಾನ್ಸ್‌ನ ಥಿಯೆರಿ ಸಬೀನ್ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿದರು. ವಿಮಾನದಲ್ಲಿ ಹುಡುಕಿಕೊಂಡು ಬಂದವರ ಕಣ್ಣಿಗೆ ಬೀಳದಿದ್ದರೆ ಅವರ ಕಥೆ ಅಲ್ಲೇ ಮುಗಿಯುತ್ತಿತ್ತು. ಬದುಕಿ ಬಂದ ಮನುಷ್ಯ ಮರಳಿನ ಸಹವಾಸವೇ ಸಾಕು ಎನ್ನಬೇಕಿತ್ತು. ಸಬೀನ್ ಮಾತ್ರ ಊರಿಗೆ ಮರಳಿ ಪ್ಯಾರಿಸ್-ಡಾಕರ್ ರ್‍ಯಾಲಿಯನ್ನೇ ಹುಟ್ಟುಹಾಕಿದರು!

ಅಂದು ಅವರು ಏರಿದ್ದ ಬೈಕು ಯಮಹಾ ಎಕ್ಸ್‌ಟಿ 500.

ಡಾಂಬರು ರಸ್ತೆಗೂ ಕಾಡುಹಾದಿಗೂ ಒಗ್ಗುವ ಬೈಕನ್ನು ಯಮಹಾ ಮೊದಲೇ ಮಾಡಿತ್ತು. 1968ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಡಿಟಿ-1 ಎರಡು ಸ್ಟ್ರೋಕಿನದು, 250 ಸಿಸಿ ವರ್ಗದ್ದು. 1976ರ ಎಕ್ಸ್‌ಟಿಯದು ನಾಲ್ಕು ಸ್ಟ್ರೋಕಿನ, 499 ಸಿಸಿಯ ಒಂದೇ ಸಿಲಿಂಡರ್. ಆಯಿಲ್‌ಗೆ ಬೇರೆ ಟ್ಯಾಂಕ್ ಇಲ್ಲ, ಫ್ರೇಮಿನ ಕೊಳವೆಯೊಳಗೇ ಅದರ ವಾಸ. ಸೆಲ್ಫ್ ಸ್ಟಾರ್ಟ್ ಎಂಬುದೂ ಇಲ್ಲ.

ಇಷ್ಟು ದೊಡ್ಡ ಪಿಸ್ಟನ್ನಿನ ಬೈಕಿಗೆ ಅಡ್ಡಾದಿಡ್ಡಿ ಕಿಕ್ ಹೊಡೆದರೆ ಅದೂ ತಿರುಗಿ ಒದೆಯುತ್ತದೆ. ನಮ್ಮ ಹಳೆಯ ಬುಲೆಟ್ ಸವಾರರ ಮೊಣಕಾಲನ್ನು ಕೇಳಿದರೆ ಗೊತ್ತಾದೀತು. ಇದಕ್ಕಾಗಿ ಯಮಹಾ ಎಂಜಿನಿಯರುಗಳು ಸಿಲಿಂಡರ್ ಹೆಡ್ಡಿನಲ್ಲಿ ಪುಟ್ಟದೊಂದು ಗಾಜಿನ ಕಿಂಡಿ ಇಟ್ಟರು. ಎಡಗೈಯಲ್ಲಿ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋಗಬೇಕು. ಕಿಂಡಿಯಲ್ಲಿ ಗುರುತು ಕಂಡಿತೋ, ಲಿವರ್ ಬಿಟ್ಟು ಒಂದೇ ಒದೆತ.

ಮೊದಲ ಪ್ಯಾರಿಸ್-ಡಾಕರ್ 1978ರ ಡಿಸೆಂಬರ್ 26ರಂದು ಹೊರಟಿತು. ದಾರಿ ಸುಮಾರು 10 ಸಾವಿರ ಕಿ.ಮೀ. ಹೊರಟ ವಾಹನಗಳು 182, ಡಾಕರ್ ಮುಟ್ಟಿದ್ದು 74. ಒಬ್ಬ ಬೈಕ್ ಸವಾರ ಪ್ರಾಣವನ್ನೇ ತೆತ್ತ. ಆ ವರ್ಷ ಕಾರಿಗೂ ಬೈಕಿಗೂ ಒಂದೇ ಪಟ್ಟಿ. ಅದರಲ್ಲಿ ಎಲ್ಲರಿಗಿಂತ ಮೇಲೆ ಬಂದವರು ಎಕ್ಸ್‌ಟಿ 500 ಏರಿದ್ದ ಸಿರಿಲ್ ನವೂ. ಮರುವರ್ಷವೂ ಅದೇ ಸವಾರ, ಅದೇ ಬೈಕು. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಬೈಕು ಕಾರುಗಳನ್ನೂ ಹಿಂದಿಕ್ಕಿದ್ದು ಫ್ರೆಂಚರಿಗೆ ಹುಚ್ಚು ಹಿಡಿಸಿತು.

1981ರಲ್ಲಿ ಬಿಎಂಡಬ್ಲ್ಯುವಿನ ಎರಡು ಸಿಲಿಂಡರಿನ ಬೈಕು ಗೆಲುವನ್ನು ಕಿತ್ತುಕೊಂಡಿತು. ಎಕ್ಸ್‌ಟಿ 500ರ ಪೆಟ್ರೋಲ್ ಟ್ಯಾಂಕು ಹಿಡಿಯುತ್ತಿದ್ದುದು 9 ಲೀಟರಿನ ಆಸುಪಾಸು, ಮರುಭೂಮಿಗೆ ಅದು ಯಾವ ಮೂಲೆಗೆ? 1983ರಲ್ಲಿ ಸುಮಾರು 30 ಲೀಟರಿನ ಟ್ಯಾಂಕ್ ಹೊತ್ತ ಎಕ್ಸ್‌ಟಿ 600 ಟೆನೆರೆ ಬಂತು. ಸಹಾರಾದ ಒಂದು ಭಾಗದ ಹೆಸರೇ ಅದಕ್ಕೆ. 1986ರ ರ್‍ಯಾಲಿಯ ನಡುವೆ ಮಾಲಿಯಲ್ಲಿ ಹೆಲಿಕಾಪ್ಟರ್ ಉರುಳಿ ಸಬೀನ್ ತೀರಿಕೊಂಡರು.

ಎಕ್ಸ್‌ಟಿ 500 ಯುರೋಪಿನಲ್ಲಿ 1980ರ ದಶಕದ ಕೊನೆಯವರೆಗೂ ಮಾರಾಟವಾಯಿತು. ಅದರ ಎಂಜಿನ್ನಿನ ವಂಶದ್ದೇ ಆದ ಎಸ್ಆರ್ 400, 1978ರಲ್ಲಿ ಹುಟ್ಟಿದ ರಸ್ತೆ ಬೈಕು. ಜಪಾನಿನ ಮಾರುಕಟ್ಟೆಗೆ ಅದರ ಕೊನೆಯ ಆವೃತ್ತಿ ಬಂದದ್ದು 2021ರಲ್ಲಿ. ಆಗಲೂ ಅದಕ್ಕೆ ಇದ್ದದ್ದು ಕಿಕ್ಕರ್ ಮಾತ್ರ.