ಮದ್ದು, ತೂಕ, ಒದೆತ: ದುರ್ಗದ ಸೀಮೆಯ ಬೇಟೆಕೋವಿಯ ಚರಿತ್ರೆ

ಕೋವಿಯಿಂದ ಗುಂಡು ಅಥವಾ ಚರೆ ಮುಂದಕ್ಕೆ ಹಾರುವಾಗ ಕೋವಿಯು ಹಿಂದಕ್ಕೆ ಚಿಮ್ಮಿ ಹೆಗಲಿಗೆ ಕೊಡುವ ಪೆಟ್ಟಿಗೆ ಬೇಟೆಗಾರರು ಒದೆತ ಎನ್ನುತ್ತಾರೆ. ಮದ್ದು ಮತ್ತು ಚರೆಯ ಪ್ರಮಾಣ ಒಂದೇ ಆಗಿದ್ದರೆ ಕೋವಿ ಹಗುರಾದಷ್ಟೂ ಒದೆತ ಹೆಚ್ಚುತ್ತದೆ, ಭಾರವಾದಷ್ಟೂ ತಗ್ಗುತ್ತದೆ. ಹೊರುವವನಿಗೆ ಹಗುರಾದ ಕೋವಿ ಬೇಕು, ಹಾರಿಸುವವನಿಗೆ ಭಾರವಾದದ್ದು ಬೇಕು. ಇಬ್ಬರೂ ಒಬ್ಬನೇ ಆಗಿರುವುದು ಬೇಟೆಯ ಕಷ್ಟ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲು ಮತ್ತು ಕುರುಚಲು ಗುಡ್ಡಗಳಲ್ಲಿ ಈ ತೊಡಕನ್ನು ಕೋಟೆಯ ಕಾಲ ಒಂದು ಬಗೆಯಲ್ಲಿ, ಕೇಪಿನ ಕೋವಿಯ ಕಾಲ ಇನ್ನೊಂದು ಬಗೆಯಲ್ಲಿ ಬಿಡಿಸಿಕೊಂಡವು. ಕೊನೆಗೆ ಯಾವ ಕೋವಿ ಯಾರ ಕೈಯಲ್ಲಿ ಉಳಿಯಬೇಕೆಂಬುದನ್ನು ತೀರ್ಮಾನಿಸಿದ್ದು ಕಮ್ಮಾರನ ಕುಲುಮೆಯೂ ಅಲ್ಲ, ಬೇಟೆಗಾರನ ಹೆಗಲೂ ಅಲ್ಲ, ಕಾನೂನು.

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಾರೆ, ತಂಗಡಿ, ಜಾಲಿಗಳ ಪೊದೆಗಾಡು, ಬಂಡೆಯ ಗುಡ್ಡ ಮತ್ತು ಹುಲ್ಲಿನ ಕಾವಲುಗಳು ಒಂದರೊಳಗೊಂದು ಬೆರೆತಿವೆ. ಕಾವಲು ಎಂದರೆ ಮೈಸೂರು ಅರಸರ ಅಮೃತಮಹಲ್ ದನಗಳಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲು. ಬಯಲಿನಲ್ಲಿ ಚಿಗರೆಯ ಹಿಂಡು, ಗುಡ್ಡದ ಓರೆಯಲ್ಲಿ ಕೊಂಡಕುರಿ, ಹೊಲದಂಚಿನಲ್ಲಿ ಮೊಲ, ಗೌಜಲಕ್ಕಿ ಮತ್ತು ಲಾವಕ್ಕಿ, ಹಳ್ಳದ ಮಗ್ಗುಲಲ್ಲಿ ಹಂದಿ, ಬಂಡೆಯ ಸಂದಿನಲ್ಲಿ ಕರಡಿ ಮತ್ತು ಚಿರತೆ ಇಲ್ಲಿನ ಬೇಟೆಯ ಮೃಗಪಕ್ಷಿಗಳಾಗಿದ್ದವು. ಮಲೆನಾಡಿನಂತೆ ಒಂದೆಡೆ ಮರೆಯಲ್ಲಿ ಕೂತು ಕಾಯುವ ಅನುಕೂಲ ಇಲ್ಲಿ ಕಡಿಮೆಯಿದ್ದುದರಿಂದ ಬೇಟೆಗಾರನು ಬಿಸಿಲಲ್ಲಿ ಹರದಾರಿಗಟ್ಟಲೆ ನಡೆಯಬೇಕಾಗಿತ್ತು, ಆಯುಧದ ಪ್ರತಿಯೊಂದು ಸೇರಿನ ತೂಕವೂ ಅವನ ಹೆಗಲಿಗೆ ಗೊತ್ತಾಗುತ್ತಿತ್ತು.

ಈ ನಾಡನ್ನು ಆಳಿದವರೂ ಬೇಟೆಯ ಕುಲದಿಂದ ಬಂದವರೇ. ಮತ್ತಿ ತಿಮ್ಮಣ್ಣನಾಯಕನು ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಅನಂತರ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತನವನ್ನು ಪಡೆದನೆಂದು ಪರಂಪರೆ ಹೇಳುತ್ತದೆ. ಹಾಗಾಗಿ ಈ ಊರುಗಳು ಆರಂಭದಿಂದಲೂ ಒಂದೇ ಬೇಡ ಪಾಳೆಯಪಟ್ಟಿನ ಹೆಜ್ಜೆಗುರುತುಗಳಾಗಿವೆ. ಬೇಡರ ಹಳೆಯ ಬೇಟೆ ಬಲೆ, ನಾಯಿ, ಈಟಿ ಮತ್ತು ಬಿಲ್ಲುಗಳದು. ಊರಿಗೆ ಊರೇ ಸೇರಿ ಹಳು ಸೋಯುತ್ತ, ಎಂದರೆ ಗದ್ದಲವೆಬ್ಬಿಸಿ ಪೊದೆಯೊಳಗಿನ ಮೃಗವನ್ನು ಬಲೆಯತ್ತ ಅಟ್ಟುತ್ತ ನಡೆಸುತ್ತಿದ್ದ ಆ ಬೇಟೆಯಲ್ಲಿ ಆಯುಧಕ್ಕಿಂತ ಜನರ ಸಂಖ್ಯೆ ಮತ್ತು ನಾಯಿಯ ಮೂಗು ದೊಡ್ಡವಾಗಿದ್ದವು. ಮ್ಯಾಸಬೇಡರು ಇಂದಿಗೂ ಆರಾಧಿಸುವ ಗಾದ್ರಿಪಾಲನಾಯಕನ ಕಥೆಯಲ್ಲಿ ದನಗಾಹಿ ವೀರನು ಹುಲಿಯನ್ನು ಎದುರಿಸುತ್ತಾನೆ. ಆ ಕಥೆಯ ಲೋಕಕ್ಕೆ ಮದ್ದಿನ ವಾಸನೆ ಇಲ್ಲ.

ಮದ್ದು ಈ ನಾಡಿಗೆ ಕೋಟೆಯ ಮೂಲಕ ಬಂದಿತು. ಚಿತ್ರದುರ್ಗದ ಏಳುಸುತ್ತಿನ ಕೋಟೆಯೊಳಗೆ ಇಂದಿಗೂ ಕಾಣಸಿಗುವ ನಾಲ್ಕು ಬೃಹತ್ ಬೀಸುಕಲ್ಲುಗಳನ್ನು ಮದ್ದು ಅರೆಯುವ ಕಲ್ಲುಗಳೆಂದೇ ಗುರುತಿಸಲಾಗಿದೆ. ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣವಾದ ಕರಿಮದ್ದನ್ನು ಮನುಷ್ಯನ ತೋಳಿನಿಂದ ಸಣ್ಣ ಒರಳಿನಲ್ಲಿ ಕುಟ್ಟಿ ಪೂರೈಸಲಾಗದಷ್ಟು ಪ್ರಮಾಣದಲ್ಲಿ ಅಲ್ಲಿ ತಯಾರಿಸುತ್ತಿದ್ದರೆಂಬುದನ್ನು ಆ ಕಲ್ಲುಗಳ ಗಾತ್ರವೇ ಸಾರುತ್ತದೆ. ಕಬ್ಬಿಣವೂ ದೂರವಿರಲಿಲ್ಲ. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೊಸದುರ್ಗದ ಬದಿಯ ಮತ್ತೋಡಿನ ಸುತ್ತಿನ ಗುಡ್ಡಗಳ ಕಬ್ಬಿಣದ ಅದಿರನ್ನು ವಿವರವಾಗಿ ದಾಖಲಿಸಿದ್ದಾನೆ.  ಬುಕಾನನ್ ಬರುವ ಮೊದಲೇ ಟಿಪ್ಪು ಸುಲ್ತಾನನು ತಾರಾಮಂಡಲಪೇಟೆಗಳೆಂಬ ಆಯುಧ ತಯಾರಿಕೆಯ ಕೇರಿಗಳನ್ನು ಶ್ರೀರಂಗಪಟ್ಟಣ, ಬೆಂಗಳೂರು ಮತ್ತು ನಗರವೆಂಬ ಊರುಗಳ ಜೊತೆಗೆ ಚಿತ್ರದುರ್ಗದಲ್ಲಿಯೂ ನೆಲೆಗೊಳಿಸಿದನು.

ಕೋಟೆಯ ಬತೇರಿಗಳ ಮೇಲೆ, ಎಂದರೆ ಕೊತ್ತಲಗಳ ಮೇಲೆ, ಗೋಡೆಗೆ ಆನಿಸಿ ಹಾರಿಸುವ ಭಾರಿ ಬಂದೂಕುಗಳಿಗೆ ಒದೆತ ದೊಡ್ಡ ತೊಂದರೆಯಾಗಿರಲಿಲ್ಲ, ಏಕೆಂದರೆ ಅದನ್ನು ಕಲ್ಲು ತಾಳಿಕೊಳ್ಳುತ್ತಿತ್ತು. ಕೈಬಂದೂಕಿನ ಮಾತು ಬೇರೆ. ಆ ಕಾಲದ ಜಾಮಗಿ ಬಂದೂಕಿನಲ್ಲಿ ಮೆಲ್ಲನೆ ಉರಿಯುವ ಬತ್ತಿಯೇ ಜಾಮಗಿ, ಅದರ ಕಿಡಿಯನ್ನು ಮೊದಲು ಹಿಡಿಯುವ ನುಣ್ಣನೆಯ ಮದ್ದು ರಂಜಕ. ರಂಜಕವು ಹೊತ್ತಿ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಸಿಡಿಸುತ್ತಿತ್ತು. ಭಾರತದ ಜಾಮಗಿ ಬಂದೂಕಿನ ನಳಿಗೆ ಬಹಳ ಉದ್ದ, ಮರದ ಹಿಡಿ ತೆಳುವು ಮತ್ತು ನೇರ. ಹೆಗಲಿಗೆ ಒತ್ತಿ ಹಿಡಿಯುವಂತೆ ಅಗಲವಾದ ಬುಡ ಅದಕ್ಕಿರಲಿಲ್ಲವಾದ್ದರಿಂದ ಹಿಡಿಯನ್ನು ಕಂಕುಳಲ್ಲಿ ಇರುಕಿಕೊಂಡೋ ಕೆನ್ನೆಯ ಪಕ್ಕಕ್ಕೆ ತಂದುಕೊಂಡೋ ಹಾರಿಸುತ್ತಿದ್ದರು, ಒದೆತವು ಹೆಗಲಿನ ಒಂದೇ ಜಾಗಕ್ಕೆ ಬಡಿಯುವ ಬದಲು ತೋಳು ಮತ್ತು ಮೈಯೊಡನೆ ಹಿಂದಕ್ಕೆ ಜಾರಿ ಕರಗುತ್ತಿತ್ತು. ಈ ಹಿಡಿಯನ್ನು ಐರೋಪ್ಯ ಕಣ್ಣಿನಿಂದ ಕಂಡು ಒರಟೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಳಿಗೆಯ ಉದ್ದ ಮತ್ತು ಭಾರದಿಂದ ಒದೆತವನ್ನು ತಗ್ಗಿಸಿ, ಉಳಿದುದನ್ನು ಮೈಯ ಚಲನೆಗೆ ಬಿಟ್ಟ ಒಂದು ಪೂರ್ಣ ವಿಚಾರ ಅದರ ಹಿಂದಿತ್ತು. ಬೇಟೆಗೆ ಅದರ ಕೊರತೆಯೆಂದರೆ ನಿಧಾನ. ಉರಿಯುವ ಬತ್ತಿಯ ವಾಸನೆ ಮೃಗಕ್ಕೆ ಮೊದಲೇ ಸುಳಿವು ಕೊಡುತ್ತಿತ್ತು, ಮಳೆ ಹನಿದರೆ ರಂಜಕ ಕೆಡುತ್ತಿತ್ತು, ಓಡುವ ಚಿಗರೆಗೆ ಗುರಿಯಿಡುವುದಂತೂ ಬಲು ಕಷ್ಟವಾಗಿತ್ತು.

1779ರಲ್ಲಿ ಮೈಸೂರಿನ ಹೈದರಾಲಿಯು ಕೋಟೆಯನ್ನು ಗೆದ್ದು ಅದರ ಕೊನೆಯ ಪಾಳೆಯಗಾರ ಮದಕರಿನಾಯಕನನ್ನು ಸೆರೆಹಿಡಿದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದೂ, ಅವರ ಹುಡುಗರಿಂದ ಚೇಲಾ ಎಂಬ ಪಡೆಯನ್ನು ಕಟ್ಟಲಾಯಿತೆಂದೂ ಇತಿಹಾಸಕಾರರು ಬರೆದಿದ್ದಾರೆ. ಕೋಟೆಯೊಡನೆ ಬೆಳೆದಿದ್ದ ಬಂದೂಕಿನ ವಿದ್ಯೆ ಹೀಗೆ ತನ್ನ ನೆಲೆಯಿಂದ ಕದಲಿತು. ಉತ್ತರದಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಗೆ ಎದುರುಬಿದ್ದು ಪ್ರಾಣ ಕೊಟ್ಟರು. ಲಾವಣಿಗಳು ಇಂದಿಗೂ ನೆನೆಯುವ ಆ ಬಂಡಾಯದ ತಿರುಳು ರಾಜ್ಯದ ಗಡಿಯ ಪ್ರಶ್ನೆಯಾಗಿರಲಿಲ್ಲ, ಬೇಟೆಯ ಕುಲದವನ ಕೈಯ ಆಯುಧ ಯಾರದೆಂಬ ಪ್ರಶ್ನೆಯಾಗಿತ್ತು. ಕೊಡಗಿನಲ್ಲಿ ಅದೇ ಪ್ರಶ್ನೆಗೆ 1861ರಲ್ಲಿ ಬೇರೆ ಉತ್ತರ ಸಿಕ್ಕಿತು: ಕೊಡವರಿಗೆ ನಿಶಸ್ತ್ರೀಕರಣದಿಂದ ವಿನಾಯಿತಿ ದೊರೆಯಿತು. ಬಯಲುಸೀಮೆಯ ಬೇಡರಿಗೆ ಅಂಥ ವಿನಾಯಿತಿ ಬರಲಿಲ್ಲ, 1878ರ ಭಾರತೀಯ ಆಯುಧ ಕಾಯಿದೆಯ ಅನಂತರ ಕೋವಿಯೆಂದರೆ ಪರವಾನಗಿ ಎಂಬ ಕಾಲ ಗಟ್ಟಿಯಾಯಿತು.

ಆ ಹೊತ್ತಿಗೆ ಹಳ್ಳಿಗಳ ಕೋವಿ ಕೇಪಿನ ಕೋವಿಯಾಗಿತ್ತು. ಬತ್ತಿಯ ಬದಲು ಕುದುರೆಯ, ಎಂದರೆ ಕೋವಿಯ ಸಣ್ಣ ಸುತ್ತಿಗೆಯ, ಬಡಿತಕ್ಕೆ ಸಿಡಿಯುವ ತಾಮ್ರದ ಸಣ್ಣ ಟೋಪಿಯೇ ಕೇಪು. ಮದ್ದನ್ನು ನಳಿಗೆಯ ಬಾಯಿಂದ ಸುರಿದು, ನಾರು ಅಥವಾ ಬಟ್ಟೆಯ ಚೂರಿನಿಂದ ಬಿಗಿದು, ಚರೆ ಹಾಕಿ, ಮತ್ತೆ ಬಿಗಿದು, ಗಜದಿಂದ, ಎಂದರೆ ಉದ್ದನೆಯ ಕಡ್ಡಿಯಿಂದ, ಜಡಿಯಬೇಕಾಗಿತ್ತು. ಈ ಕೋವಿಯಲ್ಲಿ ಒದೆತವನ್ನು ನಿರ್ಣಯಿಸುವವನು ಕಾರ್ಖಾನೆಯವನಲ್ಲ, ಜಡಿಯುವವನು. ಗೌಜಲಕ್ಕಿಗೆಂದು ಜಡಿದ ಈಡು ಬೇರೆ, ಹಂದಿಗೆಂದು ಜಡಿದ ಈಡು ಬೇರೆ. ಎರಡನೆಯದರಲ್ಲಿ ಮದ್ದೂ ಭಾರವೂ ಹೆಚ್ಚಿದ್ದುದರಿಂದ ಅದೇ ಕೋವಿ ಬೆಳಿಗ್ಗೆ ಮೆಲ್ಲನೆ ತಳ್ಳಿ ರಾತ್ರಿ ಹೆಗಲನ್ನು ಕೆಡವಬಲ್ಲುದಾಗಿತ್ತು. ಕರಿಮದ್ದಿನ ಒದೆತ ಗುದ್ದಿದಂತಿರದೆ ನೂಕಿದಂತಿರುತ್ತದೆ; ಹಗುರಾದ ನಾಡಕೋವಿಯನ್ನು ಬಡಕಲು ಮೈಯ ರೈತನೂ ತಾಳಿಕೊಳ್ಳುತ್ತಿದ್ದುದಕ್ಕೆ ಇದೇ ಕಾರಣ. ಆದರೆ ಜಡಿದದ್ದನ್ನು ಮರೆತು ಇನ್ನೊಮ್ಮೆ ಜಡಿದರೆ, ಅಥವಾ ಚರೆಯು ಮದ್ದಿನ ಮೇಲೆ ಸರಿಯಾಗಿ ಕೂರದೆ ನಡುವೆ ಪೊಳ್ಳು ಉಳಿದರೆ, ನಳಿಗೆಯೇ ಬಿರಿದು ಮುಂಗೈಯನ್ನು ಕೊಂಡೊಯ್ಯುವ ಭಯವಿತ್ತು. ಗಜವನ್ನು ನಳಿಗೆಯೊಳಗೆ ಇಳಿಸಿ, ಅದು ಎಷ್ಟು ಹೊರಗೆ ಉಳಿಯಿತೆಂದು ನೋಡಿ ಈಡು ಇದೆಯೋ ಇಲ್ಲವೋ ಎಂದು ತಿಳಿಯುವ ಪದ್ಧತಿ ಈ ಭಯದಿಂದ ಹುಟ್ಟಿದ ವಿವೇಕ.

1901ರಲ್ಲಿ ಮೈಸೂರು ಸರ್ಕಾರವು ಮೃಗ ಮತ್ತು ಮೀನುಗಳ ಸಂರಕ್ಷಣೆಗೆ ನಿಬಂಧನೆಯನ್ನು ತಂದಿತು.  ಆ ಕಾಲದಲ್ಲಿ ಅಧಿಕಾರಿಗಳು ಮತ್ತು ಶ್ರೀಮಂತರ ಕೈಯಲ್ಲಿ ಹಿಂಬದಿಯಿಂದ ತೋಟಾ ತುಂಬುವ ಜೋಡುನಳಿಗೆ ಕೋವಿ ಕಾಣಿಸಿಕೊಂಡಿತು. ಅದರ ಹನ್ನೆರಡರ ಬೋರು ಎಂಬ ಅಳತೆಗೆ ವಿವರಣೆ ಬೇಕು: ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡು ಎರೆದರೆ ಒಂದೊಂದು ಗುಂಡೂ ಹಿಡಿಸುವಷ್ಟು ಅಗಲದ, ಎಂದರೆ ಸುಮಾರು 18.5 ಮಿಲಿಮೀಟರ್ ಒಳವ್ಯಾಸದ ನಳಿಗೆ ಅದು. ಕೋವಿಯು ತಾನು ಹಾರಿಸುವ ಚರೆಯ 96 ಪಟ್ಟು ತೂಗಬೇಕೆಂಬುದು ಇಂಗ್ಲೆಂಡಿನ ಕೋವಿ ತಯಾರಕರ ಹಳೆಯ ಸೂತ್ರ. 32 ಗ್ರಾಂ ಚರೆಗೆ ಅದು 3 ಕಿಲೋಗ್ರಾಂಗಿಂತ ತುಸು ಹೆಚ್ಚಾಗುತ್ತದೆ. ಅಂಥ ಕೋವಿ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದೇ ತೋಟಾವನ್ನು ಎರಡೂವರೆ ಕಿಲೋಗ್ರಾಮಿನ ಕೋವಿಯಲ್ಲಿ ಹಾರಿಸಿದರೆ ಒದೆತದ ಶಕ್ತಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ. ಜಡಿಯುವವನ ಕೈಯಲ್ಲಿದ್ದ ನಿರ್ಣಯವು ಹೀಗೆ ತೋಟಾ ಕಟ್ಟುವ ಕಾರ್ಖಾನೆಗೆ ಹೋಯಿತು, ಸ್ವಾತಂತ್ರ್ಯದ ಅನಂತರದ ಶಿಕಾರಿಯವರಿಗೆ ಪುಣೆಯ ಬಳಿಯ ಖಡ್ಕಿಯ ಶಕ್ತಿಮಾನ್ ತೋಟಾ ಪರಿಚಿತ ಹೆಸರಾಯಿತು.

ಪಂಪ್ ಆಕ್ಷನ್ ಕೋವಿಯು ಈ ಚರಿತ್ರೆಗೆ ತೀರ ತಡವಾಗಿ ಬಂದ ಅತಿಥಿ. ಒಂದೇ ನಳಿಗೆಯ ಕೆಳಗೆ ಕೊಳವೆಯೊಂದರಲ್ಲಿ ತೋಟಾಗಳನ್ನು ಸಾಲಾಗಿ ತುಂಬಿ, ಮುಂಗೈಯ ಮರದ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಬಿದ್ದು, ಮುಂದಕ್ಕೆ ನೂಕಿದರೆ ಹೊಸದು ನಳಿಗೆಗೆ ಏರುವ ಈ ಏರ್ಪಾಡನ್ನು ಅಮೆರಿಕದಲ್ಲಿ 1882ರಲ್ಲಿ ಸ್ಪೆನ್ಸರ್ ಬಳಕೆಗೆ ತಂದನು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್‌ನ 1897ರ ಮಾದರಿಯೂ 1950ರ ರೆಮಿಂಗ್ಟನ್ 870ನೂ ಅದನ್ನು ಜಗತ್ತಿಗೆ ಹರಡಿದವು. ಒದೆತವು ಕೋವಿಯನ್ನು ಹಿಂದಕ್ಕೆ ತರುವಾಗ ಎಡಗೈಯೂ ಹಿಡಿಯನ್ನು ಅದೇ ದಿಕ್ಕಿಗೆ ಎಳೆಯುವುದರಿಂದ ಪಳಗಿದವನಿಗೆ ಒದೆತವೇ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ, ಮತ್ತು ಇದು ಈ ಕೋವಿಯ ನಿಜವಾದ ಸೊಗಸು. ಆದರೆ ಕೊಳವೆಯಲ್ಲಿ ತೋಟಾಗಳಿರುವಾಗ ಭಾರ ಮುಂದಕ್ಕೆ ವಾಲಿದ್ದು, ಒಂದೊಂದು ಈಡಿಗೂ ಹಿಂದೆ ಸರಿಯುತ್ತದೆ. ಅದರ ಯಂತ್ರದ ಪೆಟ್ಟಿಗೆಯಿಂದಾಗಿ ಅಷ್ಟೇ ಉದ್ದದ ನಳಿಗೆಯ ಜೋಡುನಳಿಗೆಗಿಂತ ಒಟ್ಟು ಉದ್ದವು ಕೆಲವು ಬೆರಳು ಹೆಚ್ಚಾಗಿ, ಕಾರೆಮುಳ್ಳಿನ ಪೊದೆಯಲ್ಲಿ ತೊಡಕಾಗಬಲ್ಲುದು. ಜೋಡುನಳಿಗೆಯಲ್ಲಿ ಒಂದು ಕಡೆ ಹಕ್ಕಿಗೆ ಸಣ್ಣ ಚರೆ, ಇನ್ನೊಂದು ಕಡೆ ಹಂದಿಗೆ ಎಲ್.ಜಿ. ಎಂಬ ದಪ್ಪ ಚರೆ ತುಂಬಿಕೊಂಡು ಬೇಕಾದುದನ್ನು ಆ ಕ್ಷಣಕ್ಕೆ ಆರಿಸಬಹುದು. ಬೇಲಿ ದಾಟುವಾಗ ಅದನ್ನು ಮುರಿದು ಹಿಡಿದರೆ ಖಾಲಿಯೆಂಬುದು ದೂರದಿಂದಲೇ ಜೊತೆಯವರಿಗೆ ಕಾಣುತ್ತದೆ. ಬೆರಕೆ ಬೇಟೆಯ ಈ ಸೀಮೆಗೆ ಜೋಡುನಳಿಗೆಯೇ ಹೆಚ್ಚು ಒಪ್ಪುವ ಆಯುಧವಾಗಿತ್ತೆನ್ನಬೇಕು.

ಆದರೆ ಈ ಎರಡು ಕೋವಿಗಳ ಹೋಲಿಕೆ ಇಲ್ಲಿನ ಗುಡ್ಡಗಳಲ್ಲಿ ನಡೆಯುವ ಮೊದಲೇ ಬೇಟೆ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಚಿಗರೆ ಮತ್ತು ಕೊಂಡಕುರಿಗಳು ಸೇರಿದವು. 1991ರ ತಿದ್ದುಪಡಿಯು ಉಳಿದಿದ್ದ ಬೇಟೆಯ ಪರವಾನಗಿಯನ್ನೂ ತೆಗೆದುಹಾಕಿತು. ಈ ಎರಡರ ನಡುವೆ, 1980ರ ದಶಕದಲ್ಲಿ, ನಾಗರಿಕರು ವಿದೇಶಿ ಕೋವಿ ತರಿಸುವ ದಾರಿಯೂ ಮುಚ್ಚಿತು. ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು 1997ರಲ್ಲಿ ದಾವಣಗೆರೆಗೆ ಹೋದ ಜಗಳೂರಿನ ರಂಗಯ್ಯನದುರ್ಗ ಈಗ ಕೊಂಡಕುರಿಯ ವನ್ಯಧಾಮ. ಚಿತ್ರದುರ್ಗ ನಗರಕ್ಕೆ ತಾಗಿದ ಜೋಗಿಮಟ್ಟಿಯೂ ವನ್ಯಧಾಮವೇ. ಒಂದು ಕಾಲದಲ್ಲಿ ಈಡಿಗೆ ಗುರಿಯಾಗಿದ್ದ ಮೃಗದ ಹೆಸರಿನಲ್ಲಿಯೇ ಕಾಡು ಉಳಿದದ್ದು ಈ ಸೀಮೆಯ ಭಾಗ್ಯ.

1959ರ ಆಯುಧ ಕಾಯಿದೆಯ 13ನೆಯ ಕಲಮು ಬೆಳೆ ಕಾಯುವ ರೈತನಿಗೆ ಬಾಯಿಂದ ಜಡಿಯುವ ಕೋವಿಯ ಪರವಾನಗಿಯ ದಾರಿಯನ್ನು ತೆರೆದಿಟ್ಟಿತು, ಆದರೆ ಆ ಕೋವಿ ಆ ಕೆಲಸಕ್ಕೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ನುಣುಪು ನಳಿಗೆಯ ಬೇರೆ ಕೋವಿಯನ್ನು ಕೊಡಬಹುದೆಂದೂ ಹೇಳಿತು. ಹೀಗಾಗಿ ಪಂಪ್ ಕೋವಿಯ ಯುಗದಲ್ಲಿಯೂ ಶೇಂಗಾ ಮತ್ತು ಮೆಕ್ಕೆಜೋಳದ ಹೊಲದ ಅಟ್ಟಣೆಗೆ ಕಾಯಿದೆ ಉಳಿಸಿಕೊಟ್ಟದ್ದು ಅಜ್ಜನ ಕಾಲದ ಗಜ ಮತ್ತು ಕೇಪುಗಳನ್ನು; ಅದರಿಂದ ಹಂದಿಯನ್ನು ಕೊಲ್ಲಬೇಕಾದರೂ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು, ಹೆದರಿಸಿ ಓಡಿಸುವ ಸದ್ದಿಗಾಗಿಯೇ ಅದನ್ನು ಜಡಿಯುವ ರಾತ್ರಿಗಳು ಹೆಚ್ಚು. ಪಶ್ಚಿಮ ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ಹನ್ನೆರಡರ ಬೋರಿನ ಪಂಪ್ ಕೋವಿ ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ, ಆದರೆ ಅದಕ್ಕೆ ಇಲ್ಲಿ ಗುಡ್ಡ ಹತ್ತುವ ಕೆಲಸವಿಲ್ಲ. ಕಾವಲುಗಾರನ ಪಕ್ಕದಲ್ಲಿ ನಿಲ್ಲುವ ಕೋವಿಗೆ ತೂಕವೂ ಒದೆತವೂ ಬೇಟೆಗಾರನ ಅರ್ಥದಲ್ಲಿ ಪ್ರಶ್ನೆಗಳಾಗುವುದಿಲ್ಲ. ಹಳೆಯ ಜೋಡುನಳಿಗೆಗಳೂ ಕೇಪಿನ ಕೋವಿಗಳೂ ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುತ್ತವೆ, ಚುನಾವಣೆ ಘೋಷಣೆಯಾದಾಗ ಚೀಟಿ ಕಟ್ಟಿಸಿಕೊಂಡು ಪೊಲೀಸ್ ಠಾಣೆಯ ಕೋಣೆಯಲ್ಲಿ ಸಾಲಾಗಿ ಠೇವಣಿ ಕೂರುತ್ತವೆ, ಮತ ಎಣಿಕೆ ಮುಗಿದ ಮೇಲೆ ಮತ್ತೆ ಒಡೆಯರ ಹೆಗಲೇರಿ ಊರಿಗೆ ಮರಳುತ್ತವೆ.