ಲಂಡನ್ನಿಂದ ಆಸ್ಟ್ರೇಲಿಯಕ್ಕೆ: ಪ್ರಯಾಣಕಾಲ ಕುಗ್ಗಿದ ಬಗೆ

ಎರಡು ನಗರಗಳ ನಡುವಿನ ದೂರವನ್ನು ವಿಮಾನದ ಜವದಿಂದ ಭಾಗಿಸಿದರೆ ಪ್ರಯಾಣದ ಕಾಲ ದೊರೆಯುತ್ತದೆ ಎಂದು ತರಗತಿಯಲ್ಲಿ ಲೆಕ್ಕ ಮಾಡಿಸುತ್ತೇವೆ. ಲಂಡನ್ ಮತ್ತು ಸಿಡ್ನಿಗಳ ನಡುವಿನ ಮಹಾವೃತ್ತ ದೂರ, ಅಂದರೆ ಗೋಳದ ಮೇಲಿನ ಕನಿಷ್ಠ ದೂರ, ಸುಮಾರು 17,000 ಕಿ.ಮೀ. ಗಂಟೆಗೆ 900 ಕಿ.ಮೀ. ಜವದಲ್ಲಿ ಇದು ಸುಮಾರು 19 ಗಂಟೆಗಳ ಹಾದಿ. ಆದರೆ ಈ ಉತ್ತರದ ಸಮೀಪಕ್ಕೆ ಬರಲು ವಿಮಾನಯಾನಕ್ಕೆ ಎಪ್ಪತ್ತು ವರ್ಷಗಳು ಬೇಕಾದವು.

1919ರಲ್ಲಿ ಆಸ್ಟ್ರೇಲಿಯ ಸರ್ಕಾರವು, ಬ್ರಿಟನ್ನಿನಿಂದ 30 ದಿನಗಳೊಳಗೆ ತಾಯ್ನಾಡಿಗೆ ಹಾರಿಬರುವ ಆಸ್ಟ್ರೇಲಿಯನ್ನರಿಗೆ 10,000 ಪೌಂಡುಗಳ ಬಹುಮಾನ ಘೋಷಿಸಿತು. ಸ್ಪರ್ಧೆಯಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ಗೆದ್ದವರು ರಾಸ್ ಸ್ಮಿತ್, ಕೀತ್ ಸ್ಮಿತ್ ಸಹೋದರರು ಮತ್ತು ಇಬ್ಬರು ಯಂತ್ರಕುಶಲಿಗಳು. ನವೆಂಬರ್ 12ರಂದು ಹೊರಟ ಅವರ ವಿಕರ್ಸ್ ವಿಮಿ ವಿಮಾನ ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತಗಳಲ್ಲಿ ಇಳಿದು ಡಿಸೆಂಬರ್ 10ರಂದು ಡಾರ್ವಿನ್ ತಲಪಿತು. ಸುರಬಯದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತುಹೋದಾಗ ಸ್ಥಳೀಯರು ಬಿದಿರಿನ ಚಾಪೆಗಳನ್ನು ಹಾಸಿ ಓಡುದಾರಿ ಮಾಡಿಕೊಟ್ಟರು!

ಆ 28 ದಿನಗಳಲ್ಲಿ ವಿಮಾನ ಗಾಳಿಯಲ್ಲಿದ್ದುದು ಸುಮಾರು 135 ಗಂಟೆ ಮಾತ್ರ. ಉಳಿದ 500ಕ್ಕೂ ಹೆಚ್ಚು ಗಂಟೆಗಳು ನೆಲದ ಮೇಲೆಯೇ ಕಳೆದವು. ಆದ್ದರಿಂದ ಜವ ಹೆಚ್ಚಿಸುವುದಕ್ಕಿಂತ ತಂಗುವುದನ್ನು ತಗ್ಗಿಸುವುದೇ ಮುಖ್ಯವಾಗಿತ್ತು. 1947ರ ಡಿಸೆಂಬರಿನಲ್ಲಿ ಕಾನ್‌ಸ್ಟಲೇಷನ್ ವಿಮಾನಗಳ ಸೇವೆ ಆರಂಭವಾದಾಗ ಸಿಡ್ನಿ–ಲಂಡನ್ ಪ್ರಯಾಣ ನಾಲ್ಕು ದಿನಗಳಿಗೆ ಇಳಿಯಿತು. ಕಲ್ಕತ್ತ ಅದರ ತಂಗುದಾಣಗಳಲ್ಲೊಂದು.

ತಂಗದೆ ಹಾರಲು ಅಡ್ಡಿಯಾದದ್ದು ಯಾವುದು? ಇಂಧನದ ತೂಕ. 1942ರಲ್ಲಿ ಸಿಂಗಪುರ ಜಪಾನಿನ ವಶವಾಗಿ ವಿಮಾನಮಾರ್ಗ ಕಡಿದುಹೋಯಿತು. ಮರುವರ್ಷ ಪರ್ತ್ ಮತ್ತು ಸಿಲೋನುಗಳ ನಡುವೆ ಕ್ಯಾಟಲೀನ ಎಂಬ ಜಲವಿಮಾನಗಳು ಹಾರತೊಡಗಿದವು. ಸುಮಾರು 5,600 ಕಿ.ಮೀ. ದೂರಕ್ಕೆ ಸಾಮಾನ್ಯವಾಗಿ 28 ಗಂಟೆಗಳಿಗೂ ಮೀರಿದ ಹಾರಾಟ! ಇಂಧನದ ಭಾರದಿಂದಾಗಿ ಮೂವರು ಪ್ರಯಾಣಿಕರಿಗೆ ಮಾತ್ರ ಸ್ಥಳ. ಶತ್ರುವಿಗೆ ಸುಳಿವು ಸಿಗದಂತೆ ರೇಡಿಯೋ ಮೌನ ಪಾಲಿಸಿ, ನಕ್ಷತ್ರಗಳನ್ನು ನೋಡಿ ದಿಕ್ಕು ಕಂಡುಕೊಳ್ಳಬೇಕಿತ್ತು. ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯಗಳು ಕಾಣುತ್ತಿದ್ದವು.

ಇದರ ಹಿಂದಿನ ಭೌತವಿಜ್ಞಾನ ಸರಳ. ದೂರ ಹೋಗಲು ಇಂಧನ ಬೇಕು. ಆ ಇಂಧನವನ್ನು ಹೊರಲು ಮತ್ತಷ್ಟು ಇಂಧನ ಬೇಕು. ಉಳಿದ ಅಂಶಗಳು ಸ್ಥಿರವಾಗಿದ್ದರೆ, ಹಾರಬಲ್ಲ ದೂರವು ಆರಂಭದ ಮತ್ತು ಕೊನೆಯ ತೂಕಗಳ ಅನುಪಾತದ ಲಾಗರಿದಮಿಗೆ ಅನುಪಾತೀಯ. ಈ ಅನುಪಾತ 1.3 ಇದ್ದಾಗ ಕ್ರಮಿಸುವ ದೂರವನ್ನು ಇಮ್ಮಡಿಗೊಳಿಸಬೇಕಾದರೆ ಅನುಪಾತ 1.3ರ ವರ್ಗ, ಅಂದರೆ 1.69 ಆಗಬೇಕು. ವಿದ್ಯಾರ್ಥಿಗಳು ಇದನ್ನು ತಾವೇ ಪರಿಶೀಲಿಸಬಹುದು. ಕಡಿಮೆ ಇಂಧನ ಬಳಸುವ ಎಂಜಿನ್ನು, ಎಳೆತ ಕಡಿಮೆಯಿರುವ ರೆಕ್ಕೆ, ಹಗುರ ಒಡಲು – ಇವುಗಳಿಂದಲೇ ಮುಂದಿನ ಪ್ರಗತಿ ಸಾಧ್ಯವಾಯಿತು.

1989ರ ಆಗಸ್ಟಿನಲ್ಲಿ ಬೋಯಿಂಗ್ 747-400 ವಿಮಾನವೊಂದು ಲಂಡನ್ನಿನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷಗಳಲ್ಲಿ ಹಾರಿತು. ಆದರೆ ಟಿಕೆಟು ಪಡೆದ ಪ್ರಯಾಣಿಕರು ಅದರಲ್ಲಿರಲಿಲ್ಲ. ಪ್ರಯಾಣಿಕರಿಗಾಗಿ ಪರ್ತ್–ಲಂಡನ್ ನೇರ ಸೇವೆ ಆರಂಭವಾದದ್ದು 2018ರ ಮಾರ್ಚಿನಲ್ಲಿ. ಸುಮಾರು 14,500 ಕಿ.ಮೀ.ಗೆ ಸರಿಸುಮಾರು 17 ಗಂಟೆ.

ಭೂಮಿಯ ಮೇಲಿನ ಯಾವ ಎರಡು ಸ್ಥಳಗಳ ನಡುವಿನ ಮಹಾವೃತ್ತ ದೂರವೂ ಪರಿಧಿಯ ಅರ್ಧವನ್ನು, ಅಂದರೆ ಸುಮಾರು 20,000 ಕಿ.ಮೀ.ಯನ್ನು ಮೀರಲಾರದು. ಶಾಲೆಯ ಭೂಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದು ಲಂಡನ್–ಸಿಡ್ನಿ ದೂರವನ್ನು ಅಳೆಯಿರಿ; ಆ ಮಿತಿಗೆ ನಾವು ಎಷ್ಟು ಸಮೀಪ ಬಂದಿದ್ದೇವೆಂಬುದು ತಿಳಿಯುತ್ತದೆ.